ಎರವಲು ಹೋದ ನಮ್ಮೂರ ದೀಪದ ಕಂಬಗಳು

ಹೆದ್ದಾರಿ ದೀಪಗಳ ಹೊಣೆ ಹೊತ್ತಿರುವ ಮುಖ್ಯಾಧಿಕಾರಿಗಳೇ, ಮಾನ್ಯರೇ,

ನಮ್ಮ ನಕೋರೊಸಾಲ ಊರಿನ ಬಸ್ ತಂಗುದಾಣದಿಂದ ಸೇತುವೆಯವರೆಗೆ ನಿಂತಿದ್ದ ದೀಪದ ಕಂಬಗಳನ್ನು ತಾವು ಎರವಲು ಒಯ್ದಿದ್ದೀರಿ. ಇನ್ನೂ ಹಿಂದಿರುಗಿಸಿಲ್ಲ. ನೆರೆಮನೆಯವರು ಒಯ್ದ ಪಾತ್ರೆಯನ್ನು ಕೇಳುವುದಕ್ಕೂ ಮುಜುಗರಪಡುವ ಜನ ನಾವು. ಸರ್ಕಾರದ ಬಳಿ ಹೋಗಿ ಕಂಬ ಕೊಡಿ ಎನ್ನುವುದು ಹೇಗೆಂದು ತಿಳಿಯದೆ ಇಷ್ಟು ದಿನ ಸುಮ್ಮನಿದ್ದೆವು. ಇವತ್ತು ಪತ್ರಿಕೆ ಓದುವ ಎಲ್ಲರ ಎದುರು ಕೇಳುತ್ತಿದ್ದೇನೆ. ಕೇಳುವುದಕ್ಕೆ ನನಗೆ ನಾಚಿಕೆಯಾಗುತ್ತಿದೆ. ಕೊಡದೆ ಇಟ್ಟುಕೊಂಡಿರುವುದಕ್ಕೆ ತಮಗೆ ಏನಾಗುತ್ತಿದೆಯೋ ನಾನರಿಯೆ.

ನಾನು ಕೇದಗೆ ಗರಿಯ ಚಾಪೆ ಹೆಣೆದು ಮಾರುವವಳು. ಕಿಟಕಿಗೆ ಗಾಜಿಲ್ಲದ ಬಸ್ಸಿನಲ್ಲಿ ಚಾಪೆಯ ಸುರುಳಿಗಳನ್ನು ಹೇರಿಕೊಂಡು ಒಮ್ಮೆ ರಾಜಧಾನಿ ಸುವಾದ ಮಾರುಕಟ್ಟೆಗೆ, ಒಮ್ಮೆ ಪಶ್ಚಿಮದ ಹೋಟೆಲುಗಳ ಕಡೆಗೆ ಹೋಗುತ್ತೇನೆ. ದ್ವೀಪವನ್ನು ಸುತ್ತುವ ರಸ್ತೆ ಒಂದೇ. ಕಂಬಗಳನ್ನು ನೋಡಿದರೆ ಮಾತ್ರ ನಾಲ್ಕಾರು ದೇಶ ದಾಟಿದ ಹಾಗಾಗುತ್ತದೆ. ಸುವಾ ಹತ್ತಿರವಾದಂತೆ ರಸ್ತೆಯ ನಡುವೆ ಬೂದುಬಣ್ಣದ ಎತ್ತರದ ಕಂಬಗಳು, ಎರಡೂ ಕಡೆ ತೋಳು ಚಾಚಿಕೊಂಡು, ಹಾಲಿನಂಥ ಬೆಳಕು. ಪಟ್ಟಣ ದಾಟಿದರೆ ಮರದ ಕಂಬ. ಕರೆಂಟಿನ ತಂತಿ ಹೊತ್ತ ಕಂಬಕ್ಕೇ ಒಂದು ದೀಪ ಬಿಗಿದಿರುತ್ತಾರೆ, ಅದರ ಹಳದಿ ಬೆಳಕು ನೆಲ ಮುಟ್ಟುವಷ್ಟರಲ್ಲಿ ದಣಿದಿರುತ್ತದೆ. ಕಬ್ಬಿನ ಸೀಮೆಯಲ್ಲಿ ಅದೂ ಇಲ್ಲ, ಎದುರಿನಿಂದ ಬರುವ ಲಾರಿಯ ದೀಪವೇ ಗತಿ. ಆಮೇಲೆ ಬಸ್ಸು ಹೋಟೆಲುಗಳಿರುವ ವೈಲೋಮಾ ತೀರದ ಕಡೆ ತಿರುಗುತ್ತದೆ. ಅಲ್ಲಿ ಕರಿಬಣ್ಣ ಬಳಿದ ಕಂಬಗಳು, ತುದಿಯಲ್ಲಿ ಎಳೆಯ ಜರೀಗಿಡದ ಹಾಗೆ ಸುರುಳಿ, ಸುರುಳಿಯಿಂದ ಇಳಿಬಿದ್ದ ಗಾಜಿನ ಬುಡ್ಡಿ. ಬಸ್ಸಿನಲ್ಲಿರುವ ಮಕ್ಕಳು ನೋಡಲೆಂದು ಎದ್ದು ನಿಲ್ಲುತ್ತಾರೆ.

ನಮ್ಮೂರಿನಲ್ಲಿದ್ದವು ಈ ಯಾವ ಬಗೆಯವೂ ಆಗಿರಲಿಲ್ಲ. ಸೇತುವೆ ಕಟ್ಟಿದ ಹೊರದೇಶದವರು ಕೆಲಸ ಮುಗಿಸಿ ಹೋಗುವಾಗ ನೆಟ್ಟು ಹೋದ ಉಕ್ಕಿನ ಕಂಬಗಳು. ಚಂದವೇನೂ ಇರಲಿಲ್ಲ. ಆದರೆ ಬಸ್ಸಿಳಿದವರು ಯಾರು, ಎದುರಿಗೆ ಬಂದವರು ಯಾರು ಎಂದು ಮುಖ ಕಾಣುತ್ತಿತ್ತು. ಹೆದ್ದಾರಿಯ ಈಚೆ ನಮ್ಮ ಊರು, ಆಚೆ ಗಿರ್ಮಿಟ್ ಕಾಲದಿಂದಲೂ, ಕೂಲಿ ಕರಾರಿನ ಮೇಲೆ ಹಡಗಿನಲ್ಲಿ ಬಂದಿಳಿದಾಗಿನಿಂದಲೂ, ಇರುವ ಹಿಂದೂಸ್ತಾನಿಗಳ ಕಬ್ಬಿನ ಕೇರಿ. ಎರಡೂ ಕಡೆಯವರು ಸಂಜೆ ಆ ಬೆಳಕಿಗೇ ಬಂದು ಕೂರುತ್ತಿದ್ದೆವು.

ವೈಲೋಮಾದಲ್ಲಿ ನೆರೆರಾಷ್ಟ್ರಗಳ ನಾಯಕರ ಸಭೆ ಎಂದು ಗೊತ್ತಾದಾಗ ತಮ್ಮ ಇಲಾಖೆಯವರು ನಮ್ಮೂರಿಗೆ ಬಂದರು. ತರಿಸಿದ ಅಲಂಕಾರದ ಕಂಬಗಳು ಹಡಗಿನಲ್ಲೇ ಉಳಿದಿವೆಯಂತೆ, ಸಭೆ ಮುಗಿಯುವವರೆಗೆ ನಮ್ಮವನ್ನು ಕೊಟ್ಟರೆ ಕಬ್ಬು ಕಡಿಯುವ ಹೊತ್ತಿಗೆ ಮತ್ತೆ ತಂದು ನೆಡುತ್ತಾರಂತೆ. ನಾವೇನು ಮಾಡಿದೆವು ಗೊತ್ತೇ ಮಾನ್ಯರೇ? ತಮ್ಮವರನ್ನು ಚಾಪೆ ಹಾಸಿ ಕೂರಿಸಿದೆವು. ಕಾವಾ ಬೇರಿನ ಪಾನೀಯ ಕಲಸಿ ಕೊಟ್ಟು ಮರ್ಯಾದೆ ಮಾಡಿದೆವು. ತೆಂಗಿನ ಹಾಲಿನಲ್ಲಿ ಬೇಯಿಸಿದ ಮೀನು, ಕೆಸುವಿನ ಗೆಡ್ಡೆ ಬಡಿಸಿದೆವು. ನಮ್ಮೂರ ಹಿರಿಯ ಎಪೇಲಿ ಎದ್ದು, "ದೇಶದ ಮಾನ ಅಂದ್ರೆ ನಮ್ದೂ ಮಾನ ತಾನೇ? ತಗೊಂಡ್ಹೋಗ್ಲಿ. ದೊಡ್ಡೋರು ನಮ್ಮ ದೀಪದ ಕೆಳಗೇ ನಡೀಲಿ" ಎಂದ. ನಾವು ಚಪ್ಪಾಳೆ ತಟ್ಟಿದೆವು. ಬುಡ ಅಗೆಯುವುದಕ್ಕೆ ನಮ್ಮ ಹುಡುಗರೇ ಗುದ್ದಲಿ ಹಿಡಿದರು. ಲಾರಿ ಹೊರಟಾಗ ಹೆಂಗಸರು ಹಾಡಿ ಬೀಳ್ಕೊಟ್ಟೆವು. ಕಳ್ಳನಿಗೆ ಊಟ ಹಾಕಿ ಕಳಿಸಿದವರು ಲೋಕದಲ್ಲಿ ಇರಬಹುದು. ಹಾಡು ಹೇಳಿ ಕಳಿಸಿದವರು ನಾವೇ ಇರಬೇಕು.

ಸಭೆ ಮುಗಿಯಿತು. ಕಬ್ಬು ಕಡಿದರು, ಮತ್ತೆ ಬೆಳೆಯಿತು, ಮತ್ತೆ ಕಡಿದರು. ಕಂಬಗಳು ಬರಲಿಲ್ಲ. ಎಪೇಲಿ ಕೇಳಿ ಕಳಿಸಿದ್ದಕ್ಕೆ ತಮ್ಮ ಕಚೇರಿಯಿಂದ ಬಂದ ಉತ್ತರವೇನೆಂದರೆ, ಇನ್ನು ಮುಂದೆ ಪ್ರತಿಯೊಂದು ಪ್ರದೇಶಕ್ಕೂ ಆಯಾ ಪ್ರದೇಶದ ಗುಣಕ್ಕೆ ತಕ್ಕ ವಿನ್ಯಾಸದ ದೀಪಗಳನ್ನು ಕೊಡಲಾಗುವುದು. ಹೀಗೆ ನಮ್ಮ ಗುಣಕ್ಕೆ ತಕ್ಕವು ಬಂದವು: ಬಿಸಿಲಿನಿಂದ ಉರಿಯುವ, ನನ್ನ ಸೊಂಟದೆತ್ತರದ ತೋಟದ ದೀಪಗಳು. ಅವು ಹುಲ್ಲನ್ನು ಚೆನ್ನಾಗಿ ತೋರಿಸುತ್ತವೆ. ಊರಿನ ಕಪ್ಪೆಗಳೆಲ್ಲ ಅವುಗಳ ಕೆಳಗೆ ಸಭೆ ಸೇರಿದವು, ಹುಳು ಹಿಡಿಯಲು ಅಷ್ಟು ಅನುಕೂಲ. ನಮ್ಮ ಗುಣವೇನೆಂದು ತಾವು ಅಳೆದದ್ದು ಹೇಗೆ, ಮಾನ್ಯರೇ? ನಾವು ತಗ್ಗಿ ನಡೆಯುವವರು ಎಂದೇ? ಕೊಟ್ಟದ್ದನ್ನು ಕೇಳದವರು ಎಂದೇ?

ಇನ್ನು ನನ್ನ ನಾದಿನಿ ಉನೈಸಿಯ ವಿಷಯ. ನನ್ನ ಗಂಡನ ತಂಗಿ. ನನಗಿಂತ ಸಣ್ಣ ಹೆಣಿಗೆ ಅವಳದ್ದು. ಅವಳ ಚಾಪೆಯ ಅಂಚು ಮುಟ್ಟಿದರೆ ಬಟ್ಟೆಯ ಹಾಗೆ. ಚರ್ಚಿನ ಹಾಡಿಗೂ ಅವಳೇ ಮುಂದಾಳು. ಆ ಸಂಜೆ ಪಕ್ಕದೂರಿನ ಸಾವಿನ ಮನೆಯಲ್ಲಿ ಹಾಡಿ ಬಸ್ಸಿನಲ್ಲಿ ಬಂದಿಳಿದಳು. ಸಾವಿಗೆ ಹೋದವಳು, ಕರಿಬಟ್ಟೆ ಉಟ್ಟಿದ್ದಳು. ಜಿಟಿಜಿಟಿ ಮಳೆ. ಬಸ್ಸು ಹೊರಟುಹೋದ ಮೇಲೆ ರಸ್ತೆ ದಾಟಿದಳು. ಆಚೆ ಕೇರಿಯ ಬಿಸುನ್ ಪರ್ಸಾದ್ ಬಸುರಿಯೊಬ್ಬಳನ್ನು ಆಸ್ಪತ್ರೆಗೆ ಬಿಟ್ಟು ತನ್ನ ವ್ಯಾನಿನಲ್ಲಿ ನಿಧಾನವಾಗಿಯೇ ಬರುತ್ತಿದ್ದ. ಅವಳು ಅವನ ಕಣ್ಣಿಗೆ ಬಿದ್ದದ್ದು ವ್ಯಾನು ಬಡಿದ ಮೇಲೆ.

ಬಿಸುನ್‌ನನ್ನು ನಮ್ಮಲ್ಲಿ ಅರಿಯದವರಿಲ್ಲ. ನಮ್ಮ ಭಾಷೆಯನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಆಡುತ್ತಾನೆ. ಉನೈಸಿಯನ್ನು ಎತ್ತಿ ಮಲಗಿಸಿ ಆಸ್ಪತ್ರೆಗೆ ಒಯ್ದವನೂ ಅವನೇ. ನಾನು ಅಲ್ಲಿ ತಲುಪಿದಾಗ ಅವನು ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಅಂಗಿಯ ಮೇಲೆ ರಕ್ತ, ಕೈಯಲ್ಲಿ ಅವಳ ಒಂದು ಚಪ್ಪಲಿ. ಅವಳ ಸೊಂಟದ ಮೂಳೆ ಮುರಿದಿತ್ತು. ಜೀವಕ್ಕೆ ಅಪಾಯವಿಲ್ಲ, ಆದರೆ ಇನ್ನು ನೆಲದ ಮೇಲೆ ಕೂರುವುದಾಗದು ಎಂದರು ವೈದ್ಯರು. ನೆಲದ ಮೇಲೆ ಕೂರದೆ ಚಾಪೆ ಹೆಣೆಯುವುದು ಹೇಗೆ?

ಪೊಲೀಸರು ವಿಚಾರಿಸಿ ಬಿಸುನ್‌ನದು ತಪ್ಪಿಲ್ಲ ಎಂದು ಬಿಟ್ಟರು. ಅವನು ತನ್ನನ್ನು ತಾನು ಬಿಡಲಿಲ್ಲ. ಅವಳು ಮನೆಗೆ ಮರಳಿದ ಮೇಲೆ, ಕ್ಷಮೆ ಕೇಳುವ ನಮ್ಮ ಕ್ರಮದಂತೆ ತಿಮಿಂಗಿಲದ ಹಲ್ಲು ಹಿಡಿದು, ಹೆಂಡತಿ ಮಗಳನ್ನು ಕರೆದುಕೊಂಡು ಬರುತ್ತೇನೆಂದು ಹೇಳಿ ಕಳಿಸಿದ. ಎಪೇಲಿ ತಮ್ಮ ಕಚೇರಿಗೂ ಹೇಳಿ ಕಳಿಸಿದ, ತಾವೂ ಬನ್ನಿ ಎಂದು. ಬಂದವಳು ಒಬ್ಬ ಚಿಕ್ಕ ವಯಸ್ಸಿನ ಅಧಿಕಾರಿಣಿ. ಜೊತೆಗೆ ಒಂದು ಪೆಟ್ಟಿಗೆ. ಅದರಲ್ಲಿ ವಾಹನದ ಬೆಳಕು ಬಿದ್ದರೆ ಹೊಳೆಯುವ ಹಳದಿ ಮೇಲಂಗಿಗಳು. ಕತ್ತಲಾದ ಮೇಲೆ ಊರಿನವರೆಲ್ಲ ಅದನ್ನು ತೊಟ್ಟು ನಡೆಯಬೇಕಂತೆ. ಕಂಬವನ್ನು ತಾವು ಒಯ್ದಿರಿ, ಇನ್ನು ಮುಂದೆ ನಾವೇ ಕಂಬವಾಗಬೇಕು! ಪಾಪ, ಆ ಹುಡುಗಿ ಪೆಟ್ಟಿಗೆಯನ್ನು ಬಾಗಿಲ ಹೊರಗೇ ಇಟ್ಟು ನನ್ನ ಕಿವಿಯಲ್ಲಿ, "ಅಮ್ಮಾ, ನಾನು ಬರಲ್ಲ ಅಂದೆ, ಕೇಳ್ಲಿಲ್ಲ. ಒಳಗೆ ಹೇಗ್ ಹೋಗ್ಲಿ, ಅವ್ರ ಮುಖ ಹೇಗ್ ನೋಡ್ಲಿ" ಎಂದಳು. ನಾನೇ ಕೈಹಿಡಿದು ಒಳಗೆ ಕೂರಿಸಿದೆ.

ಬಿಸುನ್ ಬಾಗಿಲಿನಿಂದಲೇ ಮೊಣಕಾಲೂರಿ ಬಂದ. ತಿಮಿಂಗಿಲದ ಹಲ್ಲನ್ನು ಎಪೇಲಿಯ ಮುಂದಿಟ್ಟ. ಹೇಳಬೇಕಾದ ಮಾತುಗಳನ್ನೆಲ್ಲ ಕ್ರಮ ತಪ್ಪದೆ ನಮ್ಮ ಭಾಷೆಯಲ್ಲಿ ಹೇಳಿದ. ಆಮೇಲೆ ತಲೆ ತಗ್ಗಿಸಿ ಹಾಗೇ ಕೂತ. ಕುರ್ಚಿಯಲ್ಲಿ ಕೂತಿದ್ದ ಉನೈಸಿ, ತನಗಿಂತ ಕೆಳಗೆ ಎಲ್ಲರೂ ನೆಲದಲ್ಲಿ ಕೂತಿರುವುದಕ್ಕೇ ಸಂಕೋಚಪಡುತ್ತ, "ತಲೆ ಎತ್ತೋ ಬಿಸುನ್" ಎಂದಳು. "ನಂದೇ ತಪ್ಪು. ಕರಿಬಟ್ಟೆ ಉಟ್ಕೊಂಡು ಕತ್ತಲಲ್ಲಿ ದಾಟಿದೋಳು ನಾನು."

"ಹಂಗನ್ಬೇಡ ಅಕ್ಕ. ಗಾಡಿ ನಂದು, ಕೈ ನಂದು."

"ದೀಪ ಇದ್ದಿದ್ರೆ ನಿಂಗೆ ಕಾಣ್ತಿರ್ಲಿಲ್ವಾ?"

"ಆ ಮಾತ್ ಆಡಿದ್ರೆ ನಾನು ತಪ್ಪಿಸ್ಕೊಂಡ ಹಂಗಾಗುತ್ತೆ, ಅಕ್ಕ" ಎಂದ.

ಮಾನ್ಯರೇ, ಆ ಕೋಣೆಯಲ್ಲಿದ್ದ ಒಬ್ಬೊಬ್ಬರಿಗೂ ನಾಚಿಕೆಯಾಗಿತ್ತು. ಬಡಿದವನಿಗೆ ಬಡಿದದ್ದಕ್ಕೆ, ಬಿದ್ದವಳಿಗೆ ಬಿದ್ದದ್ದಕ್ಕೆ, ಚಪ್ಪಾಳೆ ತಟ್ಟಿದ ನಮಗೆ ತಟ್ಟಿದ್ದಕ್ಕೆ, ತಾವು ಕಳಿಸಿದ ಹುಡುಗಿಗೆ ಬಂದದ್ದಕ್ಕೆ. ಇಷ್ಟು ಜನ ಹಂಚಿಕೊಂಡರೂ ಮುಗಿಯದಷ್ಟು ನಾಚಿಕೆ ಅಲ್ಲಿತ್ತು. ತಮ್ಮ ಪಾಲನ್ನು ಯಾರ ಹತ್ತಿರ ಕಳಿಸಿಕೊಡಬೇಕಿತ್ತು?

ಹೋದ ತಿಂಗಳು ಉನೈಸಿ ಒಂದು ಹಟ ಹಿಡಿದಳು, ನಮ್ಮ ಕಂಬಗಳನ್ನು ನೋಡಬೇಕು ಎಂದು. ಬಿಸುನ್ ಹಗಲು ಹೊತ್ತು ಮಾತ್ರ ವ್ಯಾನು ಹತ್ತುತ್ತಾನೆ. ಮಧ್ಯಾಹ್ನ ಕರೆದೊಯ್ದ. ವೈಲೋಮಾ ತೀರದಲ್ಲಿ ನಮ್ಮವು ನಿಂತಿವೆ, ಕರಿಬಣ್ಣ ಬಳಿಸಿಕೊಂಡು, ತಲೆ ಕತ್ತರಿಸಿ ಸುರುಳಿ ಬೆಸೆಯಿಸಿಕೊಂಡು. ಒಂದರ ಬುಡದಲ್ಲಿ, ನಮ್ಮೂರಲ್ಲಿದ್ದಾಗ ಕಬ್ಬಿನ ಲಾರಿ ಗುದ್ದಿದ ತಗ್ಗು ಹಾಗೇ ಇದ್ದುದರಿಂದ ಗುರುತು ಸಿಕ್ಕಿತು. ಎಲ್ಲ ದೀಪಗಳೂ ಉರಿಯುತ್ತಿದ್ದವು. ನೆತ್ತಿ ಸುಡುವ ಬಿಸಿಲಿನಲ್ಲಿ! ಆರಿಸುವ ಯಂತ್ರ ಕೆಟ್ಟು ಬಹಳ ದಿನವಾಯಿತಂತೆ. ಉನೈಸಿ ಊರುಗೋಲಿನ ಮೇಲೆ ವಾಲಿ ಮೇಲೆ ನೋಡುತ್ತ, "ಹಗಲಲ್ಲೂ ಉರೀತಾವೆ. ಪಾಪ, ನಿದ್ದೆ ಇಲ್ಲ ಇವಕ್ಕೆ" ಎಂದಳು. ಬಿಸುನ್ ಮುಖ ತಿರುಗಿಸಿ ವ್ಯಾನಿನ ಗಾಜು ಒರೆಸತೊಡಗಿದ.

ಅಷ್ಟರಲ್ಲಿ ಒಬ್ಬ ಪ್ರವಾಸಿ ಹೆಂಗಸು ಬಂದು, ಈ ಸುರುಳಿ ನಿಮ್ಮ ಪೂರ್ವಿಕರ ಕಾಲದ ವಿನ್ಯಾಸವೇ ಎಂದು ಕೇಳಿದಳು. ಒಳ್ಳೆಯವಳು, ಕಣ್ಣಲ್ಲಿ ಆಸೆಯಿತ್ತು. ನಾನು ಹೌದು ಎಂದುಬಿಟ್ಟೆ. ಅಲ್ಲ, ಇವು ನಮ್ಮೂರಿಂದ ಎತ್ತಿಕೊಂಡು ಬಂದ ಕಂಬಗಳು, ಕುರ್ಚಿ ಬಿಟ್ಟು ಕೂರಲಾರದ ಈ ಹೆಂಗಸಿನ ಬೆಳಕು ಇದು ಎಂದು ಪರದೇಶದವಳ ಮುಂದೆ ಹೇಳಲು ಬಾಯಿ ಬರಲಿಲ್ಲ. ಆ ಸುಳ್ಳಿನಿಂದ ಉಳಿದದ್ದು ತಮ್ಮ ಮಾನ, ಮಾನ್ಯರೇ. ಹೋದದ್ದು ನನ್ನದು.

ಈಗ ನಮ್ಮೂರಿನ ಸ್ಥಿತಿ ಹೀಗಿದೆ. ಹಾಡಿನ ಅಭ್ಯಾಸವನ್ನು ಮಧ್ಯಾಹ್ನಕ್ಕೆ ತಂದಿದ್ದೇವೆ. ಗಂಡಸರು ಆ ಹೊತ್ತಿಗೆ ತೋಟದಲ್ಲಿರುವುದರಿಂದ ಕೆಳಗಿನ ದನಿಯೇ ಇಲ್ಲದೆ ಹಾಡುತ್ತೇವೆ. ಉನೈಸಿ ಮೇಜಿನ ಮೇಲೆ ಗರಿ ಹರಡಿ ಬೀಸಣಿಗೆ ಹೆಣೆಯುವುದನ್ನು ಕಲಿಯುತ್ತಿದ್ದಾಳೆ. ಬಿಸುನ್ ಮಾತ್ರ ಸೂರ್ಯ ಇಳಿದೊಡನೆ ದೊಡ್ಡ ಬ್ಯಾಟರಿ ಹಿಡಿದು ತಂಗುದಾಣದ ಬಳಿ ಬಂದು ನಿಲ್ಲುತ್ತಾನೆ. ಯಾರೂ ಹೇಳಿದ್ದಲ್ಲ. ಬಸ್ಸು ಬಂದಾಗ ರಸ್ತೆಯ ನಡುವೆ ನಿಂತು, ಎರಡೂ ಕಡೆ ಬೆಳಕು ಬೀಸಿ ವಾಹನಗಳನ್ನು ತಡೆದು, ಇಳಿದವರನ್ನು ದಾಟಿಸುತ್ತಾನೆ. ನಮ್ಮವರನ್ನೂ, ಅವನ ಕೇರಿಯವರನ್ನೂ. ಕಡೆಯ ಬಸ್ಸು ಹೋಗುವವರೆಗೆ ಮಳೆಯಿದ್ದರೂ ಕದಲುವುದಿಲ್ಲ. ಅವನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದ ಸಂಜೆ, ಬಂದವರ ಎದುರೇ ಊಟದ ನಡುವೆ ಕೈ ತೊಳೆದು ಎದ್ದು ಬಂದನಂತೆ. ಅವನ ಹೆಂಡತಿ ನನ್ನ ಬಳಿ ಅತ್ತಳು. "ನೀವಾದ್ರೂ ಹೇಳಿ ಅಕ್ಕ, ನಿಮ್ಮ ಮಾತ್ ಕೇಳ್ತಾರೆ" ಎಂದಳು. ಹೇಳಿದೆವು. ಉನೈಸಿಯೂ ಹೇಳಿದಳು, ಬೈದೂ ನೋಡಿದಳು. ಹೂಂ ಎನ್ನುತ್ತಾನೆ. ಮಾರನೆಯ ದಿನ ಮತ್ತೆ ಅಲ್ಲೇ ಇರುತ್ತಾನೆ.

ತಾವು ಯಾವ ಪ್ರದೇಶಕ್ಕೆ ಯಾವ ಅಂದದ ಕಂಬವನ್ನಾದರೂ ಕೊಡಿ. ಸುವಾಕ್ಕೆ ಎರಡು ತೋಳಿನವು ಇರಲಿ, ವೈಲೋಮಾಕ್ಕೆ ಜರೀಗಿಡದ ಸುರುಳಿ ಇರಲಿ, ನಮಗೆ ಹೊಟ್ಟೆಕಿಚ್ಚಿಲ್ಲ. ನಮಗೆ ಚಂದ ಬೇಡ, ಎತ್ತರ ಬೇಕು. ತಂಗುದಾಣದಿಂದ ಸೇತುವೆಯವರೆಗೆ, ದಾಟುವವರ ಮುಖ ವಾಹನ ಓಡಿಸುವವನಿಗೆ ಕಾಣುವಷ್ಟು ಎತ್ತರದ, ಉರಿಯುವ ಕಂಬಗಳನ್ನು ಈ ಮಳೆಗಾಲದೊಳಗೆ ನೆಡಿಸಿ. ನೆಡುವ ದಿನ ತಾವೇ ಬನ್ನಿ. ಹಾಡು, ಊಟ, ಭಾಷಣ ಯಾವುದೂ ಇರುವುದಿಲ್ಲ. ದೀಪ ಹೊತ್ತಿದ ಮೇಲೆ ತಾವು ಮಾಡಬೇಕಾದದ್ದು ಒಂದೇ: ರಸ್ತೆಯ ನಡುವೆ ಬ್ಯಾಟರಿ ಹಿಡಿದು ನಿಂತಿರುವ ಆ ಮನುಷ್ಯನ ಹತ್ತಿರ ಹೋಗಿ, ನೀನಿನ್ನು ಮನೆಗೆ ಹೋಗಪ್ಪ ಎಂದು ಹೇಳಬೇಕು. ನಾವು ಹೇಳಿದರೆ ಅವನು ಹೋಗುತ್ತಿಲ್ಲ.

ಇಂತಿ,
ತಮ್ಮ ಪಾಲಿನ ನಾಚಿಕೆಯನ್ನೂ ಸದ್ಯಕ್ಕೆ ತಾನೇ ಹೊತ್ತಿರುವ,
ಲೋಸಲಿನಿ, ಚಾಪೆ ಹೆಣೆಯುವವಳು
ನಕೋರೊಸಾಲ