ಬಾಯಿ ಮುಚ್ಚಿದವನ ಅಳತೆ

ಮಾರ್ಚ್ 5, ಬೆಳಗ್ಗೆ

ಮಾತ್ರೆ ನುಂಗಿದೆ. ಕಾಫಿ ಕುಡಿದೆ. ಕೋರ್ಟಿನ ಡ್ಯೂಟಿ ಕೋಟು ತೊಟ್ಟೆ. ಭಲೇ! ಕನ್ನಡಿಯಲ್ಲಿ ಕೋಟು ಕಂಡಿತು, ನಾನು ಕಾಣಲಿಲ್ಲ. ನ್ಯುಮೋನಿಯಾ ಎಂಬ ರಾಕ್ಷಸಿ ಅರ್ಧ ಮನುಷ್ಯನನ್ನು ತಿಂದು ಉಳಿದರ್ಧವನ್ನು ಆಸ್ಪತ್ರೆಯ ಮಂಚದ ಮೇಲೆ ಉಗಿದು ಹೋಗಿದ್ದಾಳೆ. ಕೋಟಿನ ಭುಜ ಮೊಣಕೈಗೆ ಜಾರಿದೆ. ಹಿತ್ತಾಳೆ ಗುಂಡಿಗಳ ಸಾಲು ಹೊಟ್ಟೆ ಬಿಟ್ಟು ಪಕ್ಕೆಗೆ ಹೋಗಿದೆ.

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಹಾಕ್ಕೊಂಡಿದ್ದೀರೋ, ಒಣಗಕ್ಕೆ ಹಾಕಿದ್ದೀರೋ?"

ನಗು ಬರಲಿಲ್ಲ. ನಿನ್ನೆ ಕೋರ್ಟಿನಲ್ಲಿ ಹೆಡ್ ಕ್ಲರ್ಕ್ ಕೂಡ ಹೀಗೆಯೇ ಮೇಲಿಂದ ಕೆಳಗೆ ನೋಡಿದ್ದರು. "ಪಾಪ, ತುಂಬಾ ಸೊರಗಿದ್ದೀರ. ರೆಕಾರ್ಡ್ ರೂಮಲ್ಲಿ ಆರಾಮಾಗಿ ಕೂತ್ಕೊಳ್ಳಿ. ವರಾಂಡಕ್ಕೆ ಹೇಗೂ ಮೈಕ್ ಬರ್ತಾ ಇದೆ."

ಮೈಕ್! ನಾಟಕ ಕಂಪನಿಯ ಪರದೆಯ ಹಿಂದೆ ತೊಟ್ಟಿಲು ತೂಗಿಸಿಕೊಂಡವನು ನಾನು. ಕೊನೆಯ ಬೆಂಚಿಗೆ ಮುಟ್ಟುವ ಗಂಟಲು ನಟಿಯಾಗಿದ್ದ ಅಮ್ಮನ ಬಳುವಳಿ. ವರಾಂಡದಲ್ಲಿ ನಿಂತು ಒಂದೊಂದು ಹೆಸರನ್ನೂ ಮೂರು ಸಲ ಕೂಗಿದರೆ ಕ್ಯಾಂಟೀನಿನಲ್ಲಿ ಕೂತ ಸಾಕ್ಷಿಯ ಕೈಯಲ್ಲಿ ಲೋಟ ನಡುಗುತ್ತಿತ್ತು. ನನಗೆ ಮೈಕ್?

"ಹದಿನೆಂಟಕ್ಕೆ ಡ್ಯೂಟಿಗೆ ಬರ್ತೀನಿ ಸಾರ್. ಅವತ್ತು ನೋಡಿ, ಆಮೇಲೆ ಹೇಳಿ" ಎಂದೆ.

"ಆಯ್ತು. ನೋಡೋಣ."

ನೋಡಲಿ. ಈ ಕೋಟಿಗೆ ನನ್ನ ಮೈಯ ಅಳತೆ ಕಲಿಸಿಯೇ ತೀರುತ್ತೇನೆ.

ಮಾರ್ಚ್ 6

ಬಾಮೈದನ ಟೈಲರ್ ಅಂಗಡಿ. ಕೋಟು ಮುಟ್ಟಿದ್ದೇ ತಡ, ಕತ್ತರಿ ಎತ್ತಿಕೊಂಡ.

"ಭಾವ, ಎರಡೂ ಸೈಡಲ್ಲಿ ಗೇಣುದ್ದ ಹಾರಿಸಿಬಿಡ್ತೀನಿ."

"ನಿಲ್ಲಿಸು ಆ ಆಯುಧವನ್ನು!" ...ಮೆಲ್ಲಗೇ ಹೇಳಿದೆ. "ಒಳಗೆ ಮಡಚು. ಕತ್ತರಿಸಬೇಡ. ನಾನು ಮತ್ತೆ ತುಂಬ್ಕೋತೀನಿ."

"ಅಷ್ಟು ಬಟ್ಟೆ ಒಳಗೆ ಮಡಚಿದ್ರೆ ಕೋಟಲ್ಲ ಭಾವ, ಹಾಸಿಗೆ ಆಗುತ್ತೆ."

ಪ್ಯಾಂಟು ಮಾತ್ರ ಕೊಟ್ಟು ಕೋಟು ವಾಪಸ್ ತಂದೆ. ಕಂಪನಿಯಲ್ಲಿ ಅಮ್ಮನ ಜೊತೆ ಕೂತು ಎಷ್ಟು ರಾಜರ ಅಂಗಿಗೆ ಸೂಜಿ ಹಾಕಿಲ್ಲ ನಾನು?

ಮಾರ್ಚ್ 9

ಪ್ಯಾಂಟು ಬಂತು. ಸೊಂಟವೇನೋ ಕೂತಿದೆ. ಆದರೆ ಹಿಂದೆ ಹಿಡಿದದ್ದು ಎಷ್ಟೆಂದರೆ ಎರಡು ಜೇಬೂ ಅಕ್ಕಪಕ್ಕ ಬಂದು ಗುಟ್ಟು ಮಾತಾಡುತ್ತಿವೆ. ಇವಳು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಓಡಿದಳು. ಇರಲಿ. ಕೋಟಿನ ಕೆಳಗೆ ಯಾರಿಗೂ ಕಾಣುವುದಿಲ್ಲ.

ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟೆ. ಇವಳು ಪಕ್ಕೆಯುದ್ದಕ್ಕೂ ಗುಂಡುಪಿನ್ನು ಚುಚ್ಚಿದಳು.

"ಇನ್ನೂ ಬಿಗಿ" ಎಂದೆ.

"ಸಾಕು ಅಂತೀನಿ."

"ಇನ್ನೂ!"

ಸಡಿಲ ಕಂಡರೆ ಸೊರಗಿದ್ದು ಕಾಣುತ್ತದೆ. ಕಾಣಬಾರದು.

ಮಾರ್ಚ್ 11

ಎಲೈ ಸೂಜಿಯೇ! ಅಷ್ಟು ಚಿಕ್ಕ ಕಣ್ಣಿಟ್ಟುಕೊಂಡು ಎಷ್ಟು ಸೊಕ್ಕು ನಿನಗೆ! ದಾರ ಪೋಣಿಸುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ಎಡಪಕ್ಕೆ ಮುಗಿಯಿತು. ಮೊದಲು ಕಚ್ಚಾ ಹೊಲಿಗೆ, ಮೇಲೆ ಒತ್ತಾಗಿ ಇನ್ನೊಂದು. ಬೆರಳ ತುದಿ ಜರಡಿಯಾಗಿದೆ.

ಮಾರ್ಚ್ 13

ಮುಗಿಯಿತು! ಇಸ್ತ್ರಿ ಹೊಡೆದೆ. ತೊಟ್ಟೆ. ಅಚ್ಚು ಹೊಯ್ದಂತೆ ಕೂತಿದೆ. ಗುಂಡಿಗಳು ತಮ್ಮ ಜಾಗಕ್ಕೆ ಮರಳಿವೆ.

ಒಂದು ಮಾತು, ಇಲ್ಲಿ ಮಾತ್ರ. ಕೂಗಬಹುದು ಎಂದು ಡಾಕ್ಟರು ಹೇಳಿ ವಾರ ದಾಟಿತು. ಇನ್ನೂ ಕೂಗಿ ನೋಡಿಲ್ಲ. ಹೊಲಿಗೆ ಮುಗಿಯಲಿ, ಇಸ್ತ್ರಿ ಆಗಲಿ ಎಂದು ತಳ್ಳಿಕೊಂಡು ಬಂದೆ. ಈಗ ತಳ್ಳಲು ಏನೂ ಉಳಿದಿಲ್ಲ. ಬಾಯಿ ತೆರೆದಾಗ ಬರೀ ಗಾಳಿ ಬಂದರೆ...

ಮಾರ್ಚ್ 14

ಇವತ್ತೂ ಇಲ್ಲ.

ಮಾರ್ಚ್ 16, ಮಧ್ಯಾಹ್ನ

ಆಗಿಹೋಯಿತು!

ಕೋಟು ತೊಟ್ಟು ನಡುಮನೆಯಲ್ಲಿ ನಿಂತೆ. ಇವಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಅಮ್ಮ ಹೇಳಿಕೊಟ್ಟ ಹಾಗೆ ಹೊಟ್ಟೆಯ ಬುಡದಿಂದ ಉಸಿರೆಳೆದೆ—

"ಈ ಮನೆಯ ಯಜಮಾನಿ ಹಾಜರಿದ್ದಾರೆಯೇಏಏ!"

ಪರ್‍ರ್! ಎಡಪಕ್ಕೆ. ಪರ್‍ರ್! ಬಲಪಕ್ಕೆ. ಒಂದು ಗುಂಡಿ ಹಾರಿ ಗಡಿಯಾರದ ಗಾಜಿಗೆ ಬಡಿಯಿತು. ಎದುರುಮನೆಯ ಕಿವುಡಜ್ಜ ಬಾಗಿಲು ತೆರೆದು, "ನನ್ನ ಕರೆದ್ರಾ?" ಎಂದರು.

ಇವಳು ಸೋಪಿನ ಕೈಯಲ್ಲೇ ಓಡಿಬಂದಳು. ಹರಿದ ಪಕ್ಕೆ ನೋಡಿದಳು. ನನ್ನ ಮುಖ ನೋಡಿದಳು. ನಾನು ನಗುತ್ತಿದ್ದೆ, ಕೆಮ್ಮುತ್ತಿದ್ದೆ, ಮತ್ತೆ ನಗುತ್ತಿದ್ದೆ. ಅವಳು ಅಲ್ಲೇ ನೆಲಕ್ಕೆ ಕೂತುಬಿಟ್ಟಳು.

"ಬಾಯಿ ಮುಚ್ಕೊಂಡಿರೋ ಗಂಡಸಿನ ಅಳತೆ ಕೊಟ್ರಿ ನನಗೆ" ಎಂದಳು ಕಣ್ಣೊರೆಸಿಕೊಂಡು. "ಅವರ‍್ಯಾರೋ ಬೇರೆ. ನಿಮ್ಮದು ಕೊಡಿ."

ಮಾರ್ಚ್ 17

ಮತ್ತೆ ಪಿನ್ನು. ಈ ಸಲ ಅವಳದೇ ದರ್ಬಾರು.

"ಉಸಿರು ತುಂಬ್ಕೊಳ್ಳಿ. ತಡೀರಿ. ಇನ್ನೂ ತಡೀರಿ..."

"ಸಾ—"

"ಮಾತಾಡ್ಬೇಡಿ! ಅಳತೆ ಹೋಗುತ್ತೆ."

ಬಾಮೈದನೇ ಬಂದು ಮಿಷನ್ನಿನಲ್ಲಿ ಹೊಡೆದುಕೊಟ್ಟ. ಕತ್ತರಿ ತರಲೇ ಇಲ್ಲ, ಕಳ್ಳ. ಸುಮ್ಮನೆ ನಿಂತರೆ ಕೋಟು ಕೊಂಚ ಜೋತುಬೀಳುತ್ತದೆ. ಬೀಳಲಿ.

ಮಾರ್ಚ್ 18, ಕೋರ್ಟಿನ ವರಾಂಡ

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಗೋಡೆಗೆ ಮೈಕಿನ ಪೆಟ್ಟಿಗೆ ಬಿಗಿದಾಗಿದೆ. ವೈರು ಇನ್ನೂ ಎಳೆದಿಲ್ಲ.

ಹೆಡ್ ಕ್ಲರ್ಕ್ ಬಂದರು. ಎರಡು ಬೆರಳಲ್ಲಿ ಪಕ್ಕೆಯ ಬಟ್ಟೆ ಹಿಡಿದು ನೋಡಿದರು. "ಹೊಲಿಸಿದ್ದೀರ. ಆದ್ರೂ ಇನ್ನೂ ಸಡಿಲ ಇದೆಯಲ್ರೀ?"

"ಇಟ್ಟಿದ್ದೀನಿ ಸಾರ್. ಕೂಗಕ್ಕೆ ಬೇಕು."

ಬಟ್ಟೆ ಬಿಟ್ಟರು. ಆಮೇಲೆ ಚೀಟಿ ಕೊಟ್ಟರು. "ಮೊದಲ ಕೇಸು. ಕೂಗಿ ನೋಡೋಣ. ಪಾರ್ಟಿ ಅಲ್ಲೆಲ್ಲೋ ಗೇಟ್ ಹತ್ರ ಇದ್ದಾರಂತೆ."

ಗೇಟು! ಇಲ್ಲಿಂದ ಸೈಕಲ್ ಸ್ಟ್ಯಾಂಡು ದಾಟಿ, ಕ್ಯಾಂಟೀನು ದಾಟಿ... ಆಗಲಿ.

ಒಳಗೆ ಗಂಟೆ ಬಾರಿಸಿದರು. ಎದ್ದೆ. ಪೆನ್ನು ಇನ್ನು ಜೇಬಿಗೆ. ಹೊಟ್ಟೆಯ ಬುಡದಿಂದ ಉಸಿರೆಳೆದೆ—