ತಿರುವಿನಲ್ಲಿ ಕೂಗಬೇಕು

ಸ್ಪ್ರೂಸ್ ಹಳ್ಳದ ಕಾವಲು ಗುಡಿಸಲು, ಮೊಂಟಾನಾ
ಆಗಸ್ಟ್ ೧೯

ಪ್ರೀತಿಯ ನೆಟ್ಟಿ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ತಡವಾಯಿತು, ಬೈಯಬೇಡ. ನೀನು ಕಳಿಸಿದ ಏಪ್ರಿಕಾಟ್ ಜಾಮನ್ನು ನನ್ನ ಜೊತೆ ಕೆಲಸ ಮಾಡುವ ಅರ್ಲೆನ್ ಚಮಚದಲ್ಲೇ ಬಳಿದು ಮುಗಿಸಿದ. ನಾಚಿಕೆಯಿಲ್ಲದವನು.

ಈ ಸಲದ ಗಾಳಿಗೆ ದಾರಿಗಡ್ಡ ಬಿದ್ದ ಮರಗಳಿಗೆ ಲೆಕ್ಕವಿಲ್ಲ. ರಕ್ಷಿತ ಕಾಡಿನೊಳಗೆ ಯಂತ್ರದ ಗರಗಸ ತರುವಂತಿಲ್ಲವಲ್ಲ, ಕೈಗರಗಸವನ್ನೇ ಇಬ್ಬರೂ ಆಚೀಚೆ ಹಿಡಿದು ಎಳೆಯುತ್ತೇವೆ. ಭುಜ ಬಿದ್ದುಹೋಗಿದೆ.

ನನ್ನ ಗಂಟಲು ಕಟ್ಟಿದೆ ಎಂದು ಬರೆದಿದ್ದೆನಲ್ಲ, ಅದಿನ್ನೂ ಬಿಟ್ಟಿಲ್ಲ. ಮಂಗಳವಾರ ಬೆರಿ ಪೊದೆಗಳ ದಾರಿಯಲ್ಲಿ ಮುಂದೆ ನಡೆಯುವ ಸರದಿ ನನ್ನದಿತ್ತು. ಮುಂದಿರುವವರು ತಿರುವು ಬಂದಾಗಲೆಲ್ಲ ಕೂಗಬೇಕು. ಮೊದಲೇ ತಿಳಿದರೆ ಕರಡಿಯೇ ದಾರಿ ಬಿಡುತ್ತದೆ.

"ನಾನೇ ಮುಂದೆ ಹೋಗ್ತೀನಿ ಬಿಡು," ಎಂದ ಅರ್ಲೆನ್.

"ನಿನ್ನ ಕೂಗು ಕೇಳಿದ್ರೆ ಕರಡಿ ನಗುತ್ತೆ ಅಷ್ಟೆ," ಎಂದು ನಾನೇ ಹೊರಟೆ.

ಹಳ್ಳದ ತಿರುವಿನಲ್ಲಿ ಬಾಯಿ ತೆರೆದರೆ ಬರೀ ಗಾಳಿ ಬಂತು. ಕಾಲು ಮಾತ್ರ ಅಭ್ಯಾಸಬಲದಿಂದ ಮುಂದೆ ಹೋಯಿತು. ಎದುರಿಗೇ ತಾಯಿ ಗ್ರಿಜ್ಲಿ ಕರಡಿ, ಹಿಂದೆ ಎರಡು ಮರಿ. ಮೂತಿಗಂಟಿದ ಹಣ್ಣಿನ ರಸ ಕಾಣುವಷ್ಟು ಹತ್ತಿರ. ಅದು ನುಗ್ಗಿ ಬಂತು. ಮೆಣಸಿನ ಸ್ಪ್ರೇ ಸೊಂಟದಲ್ಲೇ ಇತ್ತು, ಕೈ ಏಳಲಿಲ್ಲ. ಹಿಂದಿನಿಂದ ಅರ್ಲೆನ್, "ಹೋಗಮ್ಮ, ನಿನ್ನ ಮಕ್ಕಳ ತಂಟೆಗೆ ನಾವು ಬರಲ್ಲ, ಹೋಗು," ಎನ್ನುತ್ತಾ ಸಮಾಧಾನವಾಗಿ ಬಂದು ಪಕ್ಕದಲ್ಲಿ ನಿಂತ. ಅದು ಅರ್ಧದಲ್ಲೇ ನಿಂತು, ನೆಲಕ್ಕೆ ಗುದ್ದಿ, ಮರಿಗಳೊಂದಿಗೆ ಪೊದೆಗಿಳಿಯಿತು.

ಗುಡಿಸಲಿಗೆ ಬಂದ ಮೇಲೆ ಅವನು, ಕರಡಿ ದೂರವಿರಲೆಂದು ಕಟ್ಟಿಕೊಂಡು ಬಂದ ಯಾರೋ ಪ್ರವಾಸಿಗರು ಬಿಟ್ಟುಹೋದ ಪುಟ್ಟ ಗಂಟೆಯನ್ನು ನನ್ನ ಚೀಲಕ್ಕೆ ಕಟ್ಟಿದ. ಅಂಥ ಗಂಟೆ ಕಟ್ಟಿಕೊಂಡವರನ್ನು ನಾವಿಬ್ಬರೂ ಎಷ್ಟು ಆಡಿಕೊಂಡಿದ್ದೇವೆ.

"ಇದು ಕರಡಿಗೆ ಕೇಳೋದೇ ಇಲ್ಲ ಅಂತ ನೀನೇ ಹೇಳ್ತಿದ್ದೆ," ಎಂದು ಪಿಸುಗುಟ್ಟಿದೆ.

"ನನಗೆ ಕೇಳುತ್ತಲ್ಲ. ನೀನೆಲ್ಲಿದ್ದೀಯ ಅಂತ ನನಗಾದ್ರೂ ಗೊತ್ತಾಗ್ಲಿ."

ಅಂದಿನಿಂದ ಹಳ್ಳಕ್ಕೆ ನೀರಿಗೆ ಹೋಗಲೂ ಭಯ, ನೆಟ್ಟಿ. ಇಷ್ಟು ವರ್ಷದಲ್ಲಿ ಈ ಕಾಡಿಗೆ ನಾನು ಹೆದರಿದವಳಲ್ಲ. ಮಕ್ಕಳಿಗೆ ಮುತ್ತು. ದೇವರು ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ರೋವೆನಾ

ವಿ.ಸೂ.: ಬರೆಯುವುದೋ ಬೇಡವೋ ಎಂದು ಇಷ್ಟು ದಿನ ತಳ್ಳಿದೆ. ಗಂಟಲಲ್ಲಿರುವುದು ಕ್ಯಾನ್ಸರ್. ಮುಂದಿನ ತಿಂಗಳು ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಕರಡಿಗಿಂತ ಇದಕ್ಕೇ ನನಗೆ ಹೆಚ್ಚು ಹೆದರಿಕೆ. ಶನಿವಾರ ಪೇಟೆಗಿಳಿದು ಫೋನ್ ಮಾಡುತ್ತೇನೆ. ಉಳಿದಷ್ಟು ಧ್ವನಿಯಲ್ಲಿ ನಿನ್ನ ಹೆಸರು ಕರೆಯುತ್ತೇನೆ. ಯಾವತ್ತಿನ ಹಾಗೆ ನಡುವೆ ಬಾಯಿ ಹಾಕಬೇಡ, ಸುಮ್ಮನೆ ಕೇಳಿಸಿಕೊ.