ಊಟದ ಡಬ್ಬಿಯಲ್ಲಿ ಇಲಿ

ಅಕ್ಕಾ,

ನಿನ್ನನ್ನು ಎಬ್ಬಿಸಲಿಲ್ಲ. ಎಬ್ಬಿಸಿದ್ದರೆ ಬೆಳ್ಳಂಬೆಳಗ್ಗೆ ಜಗಳವಾಗುತ್ತಿತ್ತು.

ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ನನ್ನ ಊಟದ ಡಬ್ಬಿ ಇತ್ತು. ರಾತ್ರಿಯೇ ಅನ್ನ ಕಲಸಿಟ್ಟಿದ್ದಾಳೆ, ನನ್ನಕ್ಕ ಬಂಗಾರ ಅಂದುಕೊಂಡು ಮುಚ್ಚಳ ತೆಗೆದೆ. ಒಳಗೆ ಸತ್ತ ಇಲಿ! ಥೂ! ಕುಡಿದ ಕಾಫಿಯೆಲ್ಲ ಸಿಂಕಿನ ಪಾಲಾಯಿತು. ಕಾಲೇಜಿನ ಲ್ಯಾಬಿನಲ್ಲಿ ಜನ್ಮವಿಡೀ ಇಲಿ ಕೊಯ್ದವಳಿಗೆ ಇದು ಏನೂ ಅನ್ನಿಸದಿರಬಹುದು. ನಾನು ಬಟ್ಟೆ ಹೊಲಿಯುವವನು ಕಣಕ್ಕಾ.

ರಿಟೈರ್ ಆದಮೇಲೆ ನಿನಗೆ ಪ್ರಾಣಿಗಳ ಫೋಟೊ ಹುಚ್ಚು ಹಿಡಿಯಿತು, ಹಿಡಿಯಲಿ. ನೀನು ಅಳಿಲಿಗೆ ಕಡಲೆಕಾಯಿ ಸುರಿದೆ, ನಾನು ಸುಮ್ಮನಿದ್ದೆ. ಓತಿಕ್ಯಾತಕ್ಕೆಂದು ಹುಳ ಸಾಕಿದೆ, ಮೂಗು ಮುಚ್ಚಿಕೊಂಡೆ. ಈಗ ಮುಂಗುಸಿಗೆ ಇಲಿ, ಅದೂ ನನ್ನ ಡಬ್ಬಿಯಲ್ಲಿ!

ಫ್ರಿಜ್ ಪೂರ್ತಿ ಬಿಸಿನೀರಿನಲ್ಲಿ ಒರೆಸು. ಮೊಸರು ಚೆಲ್ಲು. ಡಬ್ಬಿ ತೊಳೆಯುವುದೂ ಬೇಡ, ಬಿಸಾಕು. ನಿನ್ನ ಬಿ.ಪಿ. ಮಾತ್ರೆ ತಟ್ಟೆಯಲ್ಲಿದೆ, ತಿಂಡಿ ತಿಂದೇ ನುಂಗು. ನನಗೆ ಇವತ್ತು ಊಟ ಸೇರುವುದಿಲ್ಲ, ಅಂಗಡಿಯಿಂದ ಸಂಜೆಗೇ ಬರುತ್ತೇನೆ.

ಇನ್ನೊಂದು ಮಾತು. ಇಲಿಯನ್ನು ಬೇಲಿಯಾಚೆ ಎಸೆಯಲು ಹಿತ್ತಲಿಗೆ ಹೋದೆ. ಅದು ಜಾರಿ ನನ್ನ ಕಾಲ ಬುಡದಲ್ಲೇ ಬಿತ್ತು. ನೀನು ತಿಂಗಳುಗಟ್ಟಲೆ ಕಾದರೂ ಬಾರದ ಮುಂಗುಸಿ ಆಗ ಬಂತು, ಹಿಂದೆ ಎರಡು ಮರಿ. ಹಿಂಗಾಲ ಮೇಲೆ ನಿಂತು ನನ್ನ ಮುಖ ನೋಡಿ, ಇಲಿ ಕಚ್ಚಿಕೊಂಡು, ಎಳೆಬಿಸಿಲಿನಲ್ಲಿ ಮರಿಗಳ ಜೊತೆ ಕೂತು ತಿಂದಿತು. ನೋಡಲಾಗಲಿಲ್ಲ. ಆದರೂ ಕೊನೆಯವರೆಗೂ ನೋಡಿದೆ.

ಕ್ಯಾಮೆರಾ ಕಿಟಕಿಯ ಹತ್ತಿರವೇ ಇತ್ತು. "ಅದನ್ನ ಮುಟ್ಟಿದ್ರೆ ಕೈ ಮುರೀತೀನಿ" ಅಂದಿದ್ದೆಯಲ್ಲ.

ಮುಟ್ಟಲಿಲ್ಲ.